ಖಾತುನಬಿಯ ನೆದರು

ಶಿಗ್ಲಿಯ ಹೈಸ್ಕೂಲಿನ ಬಿಸಿಯೂಟದ ಕೋಣೆಯಲ್ಲಿ ಇಬ್ಬರು ಹೆಂಗಸರು ಒಂಬತ್ತು ವರ್ಷದಿಂದ ಒಂದೇ ಒಲೆಯ ಮುಂದೆ ನಿಂತು ಬೇಯಿಸುತ್ತಾರೆ, ಆದರೆ ಇಬ್ಬರ ನಡುವೆ ಮಾತಿಲ್ಲ. ಸಾರು ಸಪ್ಪೆಯಾದರೆ ಸಾವಂತ್ರೆವ್ವ ಕೈಯಲ್ಲಿನ ಸೌಟಿಗೆ ಹೇಳುವಳು, "ಉಪ್ಪು ಸಾಲದು ಅಂತ ಹೇಳು ಆಕಿಗೆ." ಖಾತುನಬಿ ತುಟಿ ಬಿಚ್ಚದೆ ಉಪ್ಪು ಹಾಕುವಳು. ಮಕ್ಕಳಿಗೆ ಇದು ದಿನದ ತಮಾಷೆ. ಹಟ ಅಂದರೆ ಎಂಥ ಹಟ ಅಂತೀರಿ, ಕಂಡವರು ಹಣೆ ಹಣೆ ಬಡಿದುಕೊಳ್ಳಬೇಕು.

ಇದರ ಬೇರು ಇಪ್ಪತ್ನಾಲ್ಕು ವರ್ಷ ಹಿಂದಿನದು. ಸಾವಂತ್ರೆವ್ವನ ತಮ್ಮ ಸಿದ್ದರಾಮನಿಗೆ ಆಗ ಇಪ್ಪತ್ತೆರಡು. ನಾಗರ ಪಂಚಮಿಯ ದಿನ ಕಲ್ಲೆತ್ತುವ ಪಂದ್ಯಕ್ಕೆ ನಿಂತು, ಯಾರೂ ಅಲುಗಿಸದ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸಿದ. ಅವನನ್ನು ಸಣ್ಣಂದಿನಲ್ಲಿ ಎತ್ತಿ ಆಡಿಸಿದ್ದ ಪಕ್ಕದ ಮನೆಯ ಖಾತುನಬಿ ಹಿಗ್ಗಿ, "ಬಾಗಲಾ ಇದ್ದಂಗ ಐತಿ ನೋಡ್ರಿ ನಮ್ಮ ಹುಡುಗನ ಎದಿ" ಎಂದು ಎಲ್ಲರೆದುರು ಅಂದಳು. ಅವನು ಕಲ್ಲು ಇಳಿಸಿದ, ನಕ್ಕ, ನಿಂತಲ್ಲೇ ಕುಸಿದ. ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆದರು ಹತ್ತಿತು, ಕೆಟ್ಟ ಕಣ್ಣು ಹುಡುಗನನ್ನು ತಿಂದಿತು ಎಂದು ಓಣಿಯವರು ಮಾತಾಡಿಕೊಂಡರು. ಕಣ್ಣು ಯಾರದೆಂದು ಬೇರೆ ಹೇಳಬೇಕಾಗಲಿಲ್ಲ.

ಅಂದಿನಿಂದ ಖಾತುನಬಿ ಯಾರ ಮಕ್ಕಳನ್ನೂ ಹೊಗಳಿದವಳಲ್ಲ. ಅನ್ನ ಬಡಿಸುವಾಗಲೂ ತಾಟು ನೋಡುವಳೇ ಹೊರತು ಮಕ್ಕಳ ಮುಖ ನೋಡುವುದಿಲ್ಲ. ಸಾವಂತ್ರೆವ್ವ ಇದನ್ನು ಕಂಡಿದ್ದಳು. ಹಂಗೇ ಆಗಬೇಕು ಎಂದುಕೊಂಡಿದ್ದಳು.

ಸಾವಂತ್ರೆವ್ವನ ಮಗಳು ಮಾಯಾ ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಓಡಲು ನಿಂತರೆ ಹಿಡಿಯುವವರಿಲ್ಲ. ತಾಲ್ಲೂಕಿನಲ್ಲಿ ಎಂಟುನೂರು ಮೀಟರ್ ಗೆದ್ದು, ಗದಗಿನ ಜಿಲ್ಲಾ ಕ್ರೀಡಾಕೂಟಕ್ಕೆ ಆಯ್ಕೆಯಾಗಿದ್ದಳು. ಅಷ್ಟರಲ್ಲಿ ಹೊಸ ಕಾಯ್ದೆ ಬಂತು. ಆಟಕ್ಕೆ ಇಳಿಯುವ ಪ್ರತಿ ವಿದ್ಯಾರ್ಥಿಯ ಹೃದಯ ತಪಾಸಣೆ ಆಗಲೇಬೇಕು, ಡಾಕ್ಟರ ಸಹಿ ಇಲ್ಲದೆ ಮೈದಾನಕ್ಕೆ ಕಾಲಿಡುವಂತಿಲ್ಲ.

"ಹದಿನಾಲ್ಕು ವರ್ಷದ ಹುಡುಗಿಗೆ ಎಂಥಾ ಹಾರ್ಟ್ ರೋಗರಿ ಸರ?" ಎಂದು ಸಾವಂತ್ರೆವ್ವ ಪಿ.ಟಿ. ಮಾಸ್ತರ ಮುತ್ತಣ್ಣನನ್ನು ತರಾಟೆಗೆ ತೆಗೆದುಕೊಂಡಳು. "ಕಾಯ್ದೆ ಮಾಡೋರ ಮನ್ಯಾಗ ಹುಡುಗ್ರು ಓಡೂದಿಲ್ಲೇನು?"

"ಓಡ್ತಾವ ಬೇ, ಅದಕ್ಕ ಮಾಡ್ಯಾರ" ಎಂದ ಮುತ್ತಣ್ಣ.

ತಪಾಸಣೆಗೆ ಬಂದವಳು ಡಾಕ್ಟರ್ ಮಮತಾ, ಎಳೆಯ ವಯಸ್ಸಿನವಳು. ಅಡುಗೆ ಕೋಣೆಯ ಮಗ್ಗುಲಿನ ಕೋಣೆಯಲ್ಲಿ ಮಾಯಾಳ ಇಸಿಜಿ ತೆಗೆದು, ಕಾಗದವನ್ನು ಎರಡು ಸಲ ನೋಡಿದಳು. ಸಾವಂತ್ರೆವ್ವನನ್ನು ಹೊರಗೆ ಪಡಸಾಲೆಯ ಮೇಜಿನ ಹತ್ತಿರ ಕರೆದಳು.

"ಓಡೋ ಮಕ್ಕಳದು ಹಿಂಗ ಒಂಚೂರು ಬ್ಯಾರೆ ಬರತೈತಿ, ಅಂಜೂದ ಬ್ಯಾಡ. ಒಂದ ಹೇಳ್ರಿ, ನಿಮ್ಮ ಮನ್ಯಾಗ ಸಣ್ಣ ವಯಸ್ಸಿನಾಗ ಯಾರರ ಹಾರ್ಟಿನ ರೋಗದಿಂದ ತೀರಿಕೊಂಡಾರೇನು?"

"ಇಲ್ಲರಿ" ಎಂದಳು ಸಾವಂತ್ರೆವ್ವ.

ಅದು ಸುಳ್ಳಲ್ಲ. ಅವಳ ಮಟ್ಟಿಗೆ ಹೃದಯದ ರೋಗದಿಂದ ಅವರ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ತಮ್ಮ ಸತ್ತದ್ದು ನೆದರಿನಿಂದ. ಡಾಕ್ಟರ್ ಸಹಿ ಮಾಡಲು ಪೆನ್ನು ಎತ್ತಿದಳು.

ಅಡುಗೆ ಕೋಣೆಯ ಬಾಗಿಲಲ್ಲಿ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದ ಖಾತುನಬಿ ಈಳಿಗೆ ಬಿಟ್ಟು ಎದ್ದುಬಂದಳು.

"ಸಹಿ ಮಾಡಬ್ಯಾಡ್ರಿ ಬಾಯಾರ. ಆಕಿ ತಮ್ಮ ಇದ್ದ, ಸಿದ್ದರಾಮ ಅಂತ. ಇಪ್ಪತ್ತೆರಡು ವರ್ಷದಾಂವ. ಕಲ್ಲು ಎತ್ತಿ ಇಳಿಸಿ, ನಿಂತಲ್ಲೇ ಬಿದ್ದು ಸತ್ತ. ನಾ ಕಣ್ಣಾರೆ ನೋಡೀನಿ."

ಸಾವಂತ್ರೆವ್ವನ ಮೈಯೆಲ್ಲ ಉರಿಯಿತು. ಆ ಬಾಯಲ್ಲಿ ತಮ್ಮನ ಹೆಸರು. "ನೀ ನೋಡಿದ್ದಕ್ಕ ಸತ್ತ ಅವ" ಎಂದಳು. ಇಷ್ಟು ವರ್ಷದಲ್ಲಿ ಖಾತುನಬಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಖಾತುನಬಿ ಅವಳತ್ತ ತಿರುಗಲಿಲ್ಲ. "ಬೈಯೂದಾದ್ರ ಆಮ್ಯಾಲ ಬೈಯಲಿ ಬಾಯಾರ. ಮೊದಲ ಹುಡುಗಿನ್ನ ನೋಡ್ರಿ."

ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿ, ಗದಗಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಳು.

ಗದಗಿನ ದೊಡ್ಡ ಡಾಕ್ಟರ್ ಪರದೆಯ ಮೇಲೆ ಮಾಯಾಳ ಹೃದಯ ತೋರಿಸಿದರು. ಅದರ ಗೋಡೆ ಇರಬೇಕಾದ್ದಕ್ಕಿಂತ ದಪ್ಪ. ಜೋರಾಗಿ ಓಡಿದರೆ ಯಾವತ್ತೋ ಒಂದು ದಿನ ಬಡಿತ ತಪ್ಪಿ ನಿಂತೇಹೋಗಬಹುದು. ಓಟ ಬಿಡಬೇಕು, ಗುಳಿಗೆ ನುಂಗಬೇಕು, ಆಗಾಗ ಬಂದು ತೋರಿಸಬೇಕು. ಮಾಯಾ ತಲೆ ತಗ್ಗಿಸಿ ಅಳತೊಡಗಿದಳು.

"ಇದು ನೆದರು ಹತ್ತಿ ಆಗೂದೇನ್ರಿ?" ಸಾವಂತ್ರೆವ್ವ ಕೇಳಿಯೇಬಿಟ್ಟಳು.

"ಇಲ್ಲವ್ವಾ. ರಕ್ತದಾಗ ಬರೂದು ಇದು. ನಿಮ್ಮ ತಮ್ಮಗೂ ಇದ್ದಿರಬೇಕು. ನೀವೂ ತೋರಿಸಿಕೊಳ್ರಿ."

ಊರಿನ ಬಸ್ಸು ಹಿಡಿಯಲು ಲಕ್ಷ್ಮೇಶ್ವರದಲ್ಲಿ ಇಳಿಯಬೇಕಿತ್ತು. ಇಳಿಯುವಾಗ ಮಾಯಾ ಕೇಳಿದಳು, "ಇನ್ನ ನಾ ಓಡಂಗಿಲ್ಲೇನವ್ವಾ?"

"ಇಲ್ಲ ನನ್ನ ಮಗಳ. ಆದ್ರ ನೀ ಇರ್ತಿ."

ಅಂದವಳು ಬಸ್‌ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟಳು. ಮಗಳ ಓಟ ಹೋಯಿತೆಂದು ಅತ್ತಳು, ಮಗಳು ಉಳಿದಳೆಂದು ಅತ್ತಳು. ಎಲ್ಲಕ್ಕಿಂತ ಹೆಚ್ಚು ನಾಚಿಕೆಯಿಂದ ಅತ್ತಳು.

ಮರುದಿನ ಊಟದ ಗಂಟೆಗೆ ಮುಂಚೆ ಮಾಯಾಳ ಕೈ ಹಿಡಿದು ಅಡುಗೆ ಕೋಣೆಗೆ ಕರೆತಂದಳು. ಸೌಟನ್ನು ಕೆಳಗಿಟ್ಟಳು.

"ಖಾತುನಕ್ಕಾ."

ಖಾತುನಬಿ ಬೆಚ್ಚಿಬಿದ್ದು, "ಉಪ್ಪು ಹಾಕೀನಿ" ಎಂದಳು.

"ಉಪ್ಪಿನ ಮಾತಲ್ಲಕ್ಕಾ. ಅದು ನಮ್ಮ ರಕ್ತದಾಗ ಇತ್ತು, ನಿನ್ನ ಕಣ್ಣಾಗ ಅಲ್ಲ. ಇಷ್ಟು ವರ್ಷ ನಿನ್ನ ಮ್ಯಾಲ ಹೊರಿಸಿದೆ. ನಂದು ತಪ್ಪಾತು."

ಖಾತುನಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಾವಂತ್ರೆವ್ವ ಮಗಳನ್ನು ಅವಳ ಮುಂದೆ ನಿಲ್ಲಿಸಿದಳು. "ಈಕಿನ್ನ ಒಮ್ಮಿ ಕಣ್ತುಂಬ ನೋಡು. ನೋಡಿ ಒಂದು ಚಲೋ ಮಾತು ಅನ್ನು."

"ಬ್ಯಾಡ ಸಾವಂತ್ರಿ. ನನಗ ಅಂಜಿಕಿ ಬರತೈತಿ."

"ನನಗ ಬರಂಗಿಲ್ಲ."

ಖಾತುನಬಿ ಸೆರಗು ಸರಿಸಿ ಮೆಲ್ಲಗೆ ಕಣ್ಣೆತ್ತಿದಳು. ಅತ್ತು ಬಾತುಕೊಂಡಿದ್ದ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹುಡುಗಿಯ ಗಲ್ಲ ಹಿಡಿದಳು.

"ಭಾಳ ಚಂದ ಅದೀಯವಾ" ಎಂದಳು. "ಥೇಟ್ ನಿಮ್ಮ ಮಾಮನಂಗ."