ಮಾತ್ರೆಗೆ ಬಗ್ಗದ ಜ್ವರದ ಬೆನ್ನು ಹತ್ತಿದ ಗಂಗುಲಮ್ಮ

ಬೆಳಗಿನ ಆರು ಗಂಟೆ. ಸಾದಲಿ ಹೋಬಳಿಯ ಹುಳು ಮನೆಯೊಂದರ ಮುಂದೆ ಗಂಗುಲಮ್ಮ ನಿಂತಿದ್ದಾರೆ. ಹೆಗಲಲ್ಲಿ ನೀಲಿ ಐಸ್ ಡಬ್ಬಿ, ಕೈಯಲ್ಲಿ ತುದಿಗೆ ಹತ್ತಿಯಿರುವ ಕಡ್ಡಿ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಾದ್ದರಿಂದ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಹೊಸ್ತಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಸುರಿದಿದ್ದಾರೆ. ಯಜಮಾನ ಚೆನ್ನರಾಯಪ್ಪನೇ ಕೆಮ್ಮುತ್ತಾ ಜಗಲಿಗೆ ಬಂದು ಬಾಯಿ ತೆರೆಯುತ್ತಾರೆ. ಗಂಟಲಲ್ಲಿ ಕಡ್ಡಿ ಆಡಿಸಿ, ಅದನ್ನು ಪುಟ್ಟ ಕೊಳವೆಗೆ ಇಳಿಸಿ, ಚೀಟಿ ಅಂಟಿಸಿ ಐಸಿನ ಮೇಲಿಡಲು ಗಂಗುಲಮ್ಮನಿಗೆ ಎರಡೇ ನಿಮಿಷ ಸಾಕು.

ಆಮೇಲೆ ಬರುವುದು ಅವರ ಖಾಯಂ ಮಾತು: “ಮಾತ್ರೆ ಪಟ್ಟಿ ತೋರ್ಸಪ್ಪ.”

ಐದು ದಿನಕ್ಕೆಂದು ಕೊಟ್ಟ ಹತ್ತು ಫ್ಲೂ ಮಾತ್ರೆಗಳಲ್ಲಿ ನಾಲ್ಕು ಹಾಗೇ ಇವೆ. “ಮೂರೇ ದಿನಕ್ಕೆ ಜ್ವರ ಬಿಡ್ತಲ್ಲಮ್ಮ. ಮಗಳಿಗೆ ಬಂದ್ರೆ ಇರ್ಲಿ ಅಂತ ಎತ್ತಿಟ್ಟೆ. ಈಗ ನಂಗೇ ತಿರುಗಿ ಬಂದೈತೆ.”

“ಹುಳಕ್ಕೆ ಕಾಯಿಲೆ ಬರಬಾರ್ದು ಅಂತ ಬಿಡದಂಗೆ ಸುಣ್ಣ ಹೊಡೀತೀಯ. ನಿಂದು ಮೈ ಅಲ್ವೇನಪ್ಪ?”

ಚೆನ್ನರಾಯಪ್ಪ ನಗುತ್ತಾರೆ. ಗಂಗುಲಮ್ಮ ನಗುವುದಿಲ್ಲ.

ನಲವತ್ತಾರು ವರ್ಷದ ಈಕೆ ಆರೋಗ್ಯ ಕೇಂದ್ರದ ಗುತ್ತಿಗೆ ಸಹಾಯಕಿ. ಫ್ಲೂ ಹಬ್ಬುವ ತಿಂಗಳುಗಳಲ್ಲಿ ವಾರಕ್ಕೆ ಹತ್ತು ಹನ್ನೆರಡು ಮಾದರಿ ತೆಗೆಯುತ್ತಾರೆ. ಮಾತ್ರೆ ನುಂಗಿದರೂ ಜ್ವರ ಇಳಿಯದವರ ಮನೆ ಎಷ್ಟೇ ದೂರವಿರಲಿ, ನಡೆದಾದರೂ ಹೋಗುತ್ತಾರೆ. ಒಂಬತ್ತರೊಳಗೆ ಡಬ್ಬಿ ಶಿಡ್ಲಘಟ್ಟ ಸೇರಬೇಕು, ಅಲ್ಲಿಂದ ಬೆಂಗಳೂರಿಗೆ. ಐಸ್ ಕರಗಿದರೆ ಅಷ್ಟೂ ಶ್ರಮ ನೀರುಪಾಲು. ಬಸ್ಸು ಕೈಕೊಟ್ಟ ದಿನ ಟೊಮೆಟೊ ಗಾಡಿ ಹತ್ತುತ್ತಾರೆ.

ಶಿಡ್ಲಘಟ್ಟದಲ್ಲಿ ಡಬ್ಬಿ ಇಳಿಸಿಕೊಳ್ಳುವ ಪ್ರಯೋಗಾಲಯದ ನೂಮಾನ್‌ಗೆ ಈ ಅಮ್ಮನ ಮೇಲೆ ಬಹಳ ಗೌರವ. “ವೈರಸ್ಸು ಮೈಯೊಳಗೆ ಹರಡದಂಗೆ ಈ ಮಾತ್ರೆ ತಡೀತದೆ. ಕೆಲವು ವೈರಸ್ಸು ರೂಪ ಬದಲಾಯಿಸ್ಕೊಂಡು ತಪ್ಪಿಸ್ಕೊಳ್ತವೆ. ಅಂಥದ್ದು ಹಬ್ತಾ ಇದೆಯಾ ಅಂತ ಗೊತ್ತಾಗೋದೇ ಅಮ್ಮ ತರೋ ಮಾದರಿಯಿಂದ” ಎನ್ನುತ್ತಾರೆ.

ಅಮ್ಮನಿಗೆ ಮಾತ್ರ ಒಂದೇ ಒಂದು ಮಾದರಿಯ ಮೇಲೆ ಜೀವ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅಕ್ಕ ಮುನಿರತ್ನಮ್ಮನಿಗೆ ಫ್ಲೂ ಬಂದಿತ್ತು. ಮೊದಲೇ ಸಕ್ಕರೆ ಕಾಯಿಲೆಯ ಮೈ. ಮೂರನೇ ದಿನ ಜ್ವರ ಇಳಿಯಿತು. ಕೇಂದ್ರದಲ್ಲಿ ಮಾತ್ರೆಗೆ ಬರ ಬಂದಿದ್ದ ದಿನಗಳವು. “ಉಳಿದಿದ್ದು ಮಕ್ಕಳಿಗೆ ಎತ್ತಿಡಕ್ಕ ಅಂದೋಳು ನಾನೇ” ಎನ್ನುತ್ತಾರೆ ಗಂಗುಲಮ್ಮ. ಎರಡೇ ದಿನಕ್ಕೆ ಜ್ವರ ಮರಳಿತು. ಎತ್ತಿಟ್ಟ ಮಾತ್ರೆ ಮತ್ತೆ ನುಂಗಿಸಿದರೂ ಬಗ್ಗಲಿಲ್ಲ. ಅಕ್ಕನ ಗಂಟಲಿಗೆ ತಾವೇ ಕಡ್ಡಿ ಹಾಕಿ ಮಾದರಿ ಕಳಿಸಿದರು. ಒಂಬತ್ತನೇ ದಿನ ಅಕ್ಕ ಇರಲಿಲ್ಲ.

ಫ್ಲೂ ಎಂಬ ವರದಿಯೇನೋ ಬಂತು. ವೈರಸ್ಸು ಮಾತ್ರೆಗೆ ಬಗ್ಗುವಂಥದ್ದಾಗಿತ್ತೇ, ಇಲ್ಲವೇ ಎಂಬುದು ಮಾತ್ರ ತಿಳಿಯಲಿಲ್ಲ. ಆ ಲೆಕ್ಕವನ್ನು ಬೆಂಗಳೂರಿನಲ್ಲಿ ಇಡೀ ರಾಜ್ಯಕ್ಕೆ ಸೇರಿಸಿ ಹಾಕುತ್ತಾರೆ. ಒಬ್ಬೊಬ್ಬರದನ್ನು ವಾಪಸ್ ಕಳಿಸುವ ಪದ್ಧತಿಯಿಲ್ಲ. ಬಗ್ಗದ ವೈರಸ್ಸಾಗಿದ್ದರೆ ಹತ್ತೂ ಮಾತ್ರೆ ನುಂಗಿದ್ದರೂ ಅಕ್ಕ ಉಳಿಯುತ್ತಿರಲಿಲ್ಲವೇನೋ. ಬಗ್ಗುವಂಥದ್ದಾಗಿದ್ದರೆ? ಈ ಪ್ರಶ್ನೆ ಅವರನ್ನು ದಿನವೂ ಕೊರೆಯುತ್ತದೆ. ಡಬ್ಬಿ ಕೊಟ್ಟಾಗಲೆಲ್ಲ “ನಮ್ಮಕ್ಕಂದು ಏನಾದ್ರೂ ತಿಳೀತೇನಪ್ಪ?” ಎಂದು ನೂಮಾನ್‌ರನ್ನು ಕೇಳುತ್ತಾರೆ. ಅಮ್ಮನಿಗಾಗಿ ನೂಮಾನ್ ಬೆಂಗಳೂರಿಗೆ ಮೂರು ಸಲ ಪತ್ರ ಬರೆದಿದ್ದಾರೆ.

ಇವತ್ತು ಕೊಳವೆಗಳನ್ನು ಎಣಿಸಿಕೊಳ್ಳುತ್ತಾ ನೂಮಾನ್ ತಡೆಯಲಾರದೆ ಕೇಳಿಬಿಡುತ್ತಾರೆ: “ಮಾತ್ರೆಗೆ ಬಗ್ತಿತ್ತು ಅಂತ ಬಂದ್ರೆ ಏನ್ ಮಾಡ್ತೀರಮ್ಮ? ತಿಳೀದೆ ಇರೋದೇ ವಾಸಿ ಅಲ್ವಾ?”

ಗಂಗುಲಮ್ಮ ಖಾಲಿ ಡಬ್ಬಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.

“ಬರ್ಲಿ ಬಿಡಪ್ಪ. ನನ್ನಿಂದಾನೇ ಹೋದ್ಲು ಅಂತ ಗೊತ್ತಾದ್ರೆ ಕೂತ್ಕೊಂಡು ಅಳ್ತೀನಿ. ಅಲ್ಲ ಅಂತ ಗೊತ್ತಾದ್ರೂ ಅಳ್ತೀನಿ. ಎರಡು ವರ್ಷ ಆಯ್ತು, ನಮ್ಮಕ್ಕನಿಗೋಸ್ಕರ ನಾನಿನ್ನೂ ಅತ್ತೇ ಇಲ್ಲ.”