ತಪ್ಪಿದಲ್ಲೇ ಕೂತ ಆಶಮ್ಮ

ಜನಜಂಗುಳಿಯಲ್ಲಿ ಇಬ್ಬರು ಒಬ್ಬರನ್ನೊಬ್ಬರು ಕಳೆದುಕೊಂಡರೆ, ನಿಜವಾಗಿ ಕಳೆದುಹೋದವರು ಯಾರು? ತೆಲಂಗಾಣದ ಗಡಿಯ ಮಕ್ತಲ್ ಸಮೀಪದ ಹಳ್ಳಿಯ ಆಶಮ್ಮ ತನ್ನ ಕೊನೆಯ ವರ್ಷಗಳಲ್ಲಿ ಮನೆಗೆ ಬಂದವರಿಗೆಲ್ಲ ಈ ಪ್ರಶ್ನೆ ಹಾಕಿ, ಅವರು ತಡವರಿಸುವುದನ್ನು ನೋಡಿ ನಗುತ್ತಿದ್ದಳು. ಮೇಲುನೋಟಕ್ಕೆ ಉತ್ತರ ಸುಲಭ. ಯಾರನ್ನು ಹುಡುಕುತ್ತಾರೋ ಅವರು ಕಳೆದವರು. ಆದರೆ ಇಬ್ಬರೂ ಹುಡುಕುತ್ತಿದ್ದರೆ? ಇಬ್ಬರೂ ಕಾಯುತ್ತಿದ್ದರೆ? ಇಂಥ ಇಬ್ಬರು ಆದಷ್ಟು ಬೇಗ ಸೇರುವ ಬಗೆ ಯಾವುದು ಎಂಬುದನ್ನು ಗಣಿತ ಬಲ್ಲವರು ಗಂಭೀರವಾಗಿಯೇ ವಿಚಾರಿಸಿದ್ದಾರೆ. ಆ ಇಬ್ಬರಲ್ಲಿ ಕಳೆದವರು ಯಾರೆಂಬ ಮಾತು ಮಾತ್ರ ಗಣಿತಕ್ಕೆ ಬೇಕಾಗಿಲ್ಲ. ಈ ಬರಹದ ಕರ್ತೃವಿಗೂ ಅದಕ್ಕೆ ಉತ್ತರ ಹೊಳೆದಿಲ್ಲ. ಆಶಮ್ಮನ ಮಗಳು ಹರಿತಾಳಿಗೆ ಹೊಳೆಯಿತು, ಆದರೆ ತಡವಾಗಿ.

ಆಶಮ್ಮನದು ಗುಂಪಿನ ಬದುಕು. ಮದುವೆಯಾದ ಹೊಸತರಲ್ಲೇ ಗಂಡ ಆಶಪ್ಪನೊಡನೆ ಮೇಸ್ತ್ರಿ ಮಾಳಿಂಗಪ್ಪನ ಗುಂಪು ಸೇರಿ ಮುಂಬಯಿ, ಪುಣೆ, ಸೂರತ್ ಎಂದು ನೆಲ ಅಗೆಯುತ್ತ ತಿರುಗಿದವಳು. ದೊಡ್ಡ ಶಹರುಗಳ ರಸ್ತೆಯಡಿ ಕೇಬಲ್ಲು, ನೀರಿನ ಕೊಳವೆ ಹಾಯಿಸಲು ಕಾಲುವೆ ತೋಡುವುದು ಅವರ ಕೆಲಸ. ಗಂಡಹೆಂಡಿರ ಹೆಸರು ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ ಗುಂಪಿನಲ್ಲಿ ಯಾರಾದರೂ ‘ಆಶಾ’ ಎಂದು ಕೂಗಿದರೆ ಗೊಂದಲವಾಗುತ್ತಿತ್ತು. ಊಟದ ಹೊತ್ತಿನ ಕೂಗಿಗೆ ಆಶಪ್ಪ ಓಗೊಡುತ್ತಿದ್ದ, ಕೆಲಸದ ಹೊತ್ತಿನ ಕೂಗಿಗೆ ಆಶಮ್ಮ.

ಆ ಗುಂಪಿಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಬೋರ್ಡು ಓದಲು ಬಾರದ ಮಂದಿ, ಯಾರ ಕೈಯಲ್ಲೂ ಫೋನಿಲ್ಲದ ಕಾಲ. ಸ್ಟೇಷನ್ನಿನಲ್ಲಿಯೋ ಸಂತೆಯಲ್ಲಿಯೋ ಗುಂಪಿನಿಂದ ಬೇರ್ಪಟ್ಟವರು ಒಂದು ಹೆಜ್ಜೆಯನ್ನೂ ಕಿತ್ತಿಡಬಾರದು. ತಪ್ಪಿದ ಜಾಗದಲ್ಲೇ ಕೂತುಬಿಡಬೇಕು. ಕಳೆದವರನ್ನು ಹುಡುಕಿಕೊಂಡು ಹೋಗುವುದು ಗುಂಪಿನ ಹೊಣೆ. ಮಾತು ಕಲಿಯುವ ಮೊದಲೇ ಮಕ್ಕಳಿಗೆ ಇದನ್ನು ಕಲಿಸುತ್ತಿದ್ದರು. ಹರಿತಾ ಚಿಕ್ಕವಳಿದ್ದಾಗ ಒಮ್ಮೆ ಕಲ್ಯಾಣದ ಸ್ಟೇಷನ್ನಿನಲ್ಲಿ ನೀರಿನ ನಲ್ಲಿಯ ಬಳಿ ತಪ್ಪಿಸಿಕೊಂಡಿದ್ದಳು. ಪೊಲೀಸರು ಬಿಸ್ಕತ್ತು ತೋರಿಸಿ ಕರೆದರೂ ಏಳದೆ, ನಲ್ಲಿಯ ಕೊಳವೆ ತಬ್ಬಿಕೊಂಡು ಕೂತವಳನ್ನು ತಾಯಿಯೇ ಬಂದು ಎತ್ತಿಕೊಂಡಳು. ಬಿಸ್ಕತ್ತನ್ನೂ ಇಸಿದುಕೊಂಡಳು.

ಆ ಹುಡುಗಿ ಮುಂದೆ ಮಕ್ತಲಿನ ಹಾಸ್ಟೆಲಿನಲ್ಲಿದ್ದು ಓದಿ, ರಾಯಚೂರಿನಲ್ಲಿ ನರ್ಸಿಂಗ್ ಮುಗಿಸಿ, ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಗಂಡ ಶಿವ ಅಲ್ಲಿಯೇ ಎಲೆಕ್ಟ್ರಿಷಿಯನ್. ಅವಳದು ಚೊಚ್ಚಲ ಬಸಿರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ಪದ್ಧತಿ. ರಜೆ ದೊರೆಯದೆ ಮಗಳು ಬರಲಾಗದಿದ್ದಾಗ, ತವರೇ ಎದ್ದು ಮಗಳಲ್ಲಿಗೆ ಹೊರಡುವುದೆಂದು ಆಶಮ್ಮ ತೀರ್ಮಾನಿಸಿದಳು. ಗುಂಪಿನಲ್ಲಿ ಹುಟ್ಟಿದ ಎಷ್ಟೋ ಕೂಸುಗಳನ್ನು ಕಾಲಮೇಲೆ ಹಾಕಿಕೊಂಡು ಎರೆದ ಕೈ ಅವಳದು. ಸ್ವಂತ ಮೊಮ್ಮಗುವಿಗೆ ಬೇರೆ ಯಾರೋ ಎರೆಯುವುದೆಂದರೆ ಅವಳಿಗೆ ಅದು ಊಹಿಸಲೂ ಆಗದ ಸಂಗತಿ.

ಅಳಿಯನಿಗೆ ಧೈರ್ಯ ಸಾಲದು. “ಅತ್ತಿ ಇಲ್ಲಿ ಒಂದ್ಸಲ ತಪ್ಪಿಸ್ಕೊಂಡ್ರ ಯಾರ್ ಹುಡುಕಬೇಕು? ನಿನ್ನ ನೋಡ್ಲಾ, ನಿಮ್ಮವ್ವನ್ನ ನೋಡ್ಲಾ? ಅರಬ್ಬಿ ಬರಂಗಿಲ್ಲ, ಇಂಗ್ಲಿಷ್ ಬರಂಗಿಲ್ಲ,” ಎಂದ ಶಿವ. ಗಂಡಹೆಂಡತಿ ವಾದ ಮಾಡಿ ಒಂದು ಕರಾರಿಗೆ ಬಂದರು. ಅದನ್ನು ವಿಡಿಯೋ ಕರೆಯಲ್ಲಿ ಹರಿತಾಳೇ ತಾಯಿಗೆ ತಿಳಿಸಿದಳು.

“ಯವ್ವಾ, ನೀ ಬಾ. ಆದ್ರ ಒಂದ್ಸಲ ಕಳದಿ ಅಂದ್ರ ಮರುದಿನದ ವಿಮಾನಕ್ಕ ಹಿಂದಕ್ಕ ಕಳಸ್ತೀವಿ. ಬಾಣಂತನನೂ ಇಲ್ಲ, ಏನೂ ಇಲ್ಲ.”

“ಆಗ್ಲಿ ಬಿಡು,” ಎಂದಳು ಆಶಮ್ಮ. “ಬೊಂಬಾಯಾಗ ಕಳೀಲಾರದಾಕಿ ನಿಮ್ಮ ಮಸ್ಕತ್ತಿನಾಗ ಕಳೀತೀನೇನು? ಅದು ಎಷ್ಟರ ಊರು!”

ಊರಿನವರು ಅಷ್ಟು ಸುಲಭವಾಗಿ ಬಿಡಲಿಲ್ಲ. ಕಿರಾಣಿ ಅಂಗಡಿಯ ಕರಿಬಸಯ್ಯ ತಾನೆಂದೂ ನೋಡದ ದೇಶದ ಕಾನೂನುಗಳನ್ನೆಲ್ಲ ವಿವರಿಸಿದ. ಅಲ್ಲಿ ಎಲೆಯಡಿಕೆ ಉಗುಳಿದರೆ ಜೇಲು, ಗಟ್ಟಿಯಾಗಿ ನಕ್ಕರೆ ದಂಡ. “ಹಂಗಂದ್ರ ಈಕಿ ಇಳಿದ ಕೂಡ್ಲೆ ಒಳಗ,” ಎಂದು ಆಶಪ್ಪ ಬೀಡಿ ಹಚ್ಚಿದ. ಹೆಂಡತಿ ಪಾಸ್‌ಪೋರ್ಟನ್ನು ತನ್ನ ಎಲೆಯಡಿಕೆಯ ಸಂಚಿಯ ಒಳಪದರಿನಲ್ಲಿ ತುರುಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ನೋಡುತ್ತ, “ನಿನಗ ಅವ್ರ ಭಾಷಿ ತಿಳಿಯಂಗಿಲ್ಲ ಅಂತ ನನಗ ಚಿಂತಿಲ್ಲ. ನಮ್ಮ ಕುರಿಗೋಳಿಗೆ ನನ್ನ ಭಾಷಿ ತಿಳಿಯಂಗಿಲ್ಲಲ್ಲ, ಅದ ಚಿಂತಿ,” ಎಂದ. ಹೊರಡುವ ದಿನದವರೆಗೂ ಅವನು ಆಡಿದ ಅತ್ಯಂತ ಪ್ರೀತಿಯ ಮಾತು ಅದೇ ಎಂದು ಆಶಮ್ಮ ಆಮೇಲೆ ಮಗಳಿಗೆ ಹೇಳಿದಳು.

ಜೊತೆಗೆ ಹೊರಟವನು ಮಹೇಂದರ್, ಪಕ್ಕದ ಮನೆಯ ಕಿಷ್ಟಮ್ಮನ ಮಗ. ಮಸ್ಕತ್ತಿನಲ್ಲಿ ಟೈಲ್ಸ್ ಕೂರಿಸುವ ಕೆಲಸ. ರಜೆ ಮುಗಿಸಿ ಮರಳುತ್ತಿದ್ದ. ಫೋನಿನ ಕಾಲದಲ್ಲಿ ಬೆಳೆದ ಅವನು ಗುಂಪಿನೊಡನೆ ಎಂದೂ ಊರು ಬಿಟ್ಟವನಲ್ಲ. “ದೊಡ್ಡವ್ವನ ಕೈ ಬಿಡಬ್ಯಾಡಲೇ,” ಎಂದು ಕಿಷ್ಟಮ್ಮ ಮಗನ ಕೆನ್ನೆ ಹಿಂಡಿ ಕಳುಹಿಸಿದಳು. ಹೈದರಾಬಾದಿನಿಂದ ಬೆಳಗಿನ ವಿಮಾನ. ಕಿಟಕಿಯಿಂದ ಕೆಳಗೆ ನೋಡಿದ ಆಶಮ್ಮ, ಸಮುದ್ರವನ್ನು ಯಾರೂ ಅಗೆಯಬೇಕಾಗಿಲ್ಲವಲ್ಲ ಎಂದು ಸಮಾಧಾನಪಟ್ಟಳಂತೆ.

ಮಸ್ಕತ್ತಿನಲ್ಲಿ ಇಳಿದ ಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಸಾಲು. ಸಂಚಿಯಿಂದ ಅದು ಅಡಿಕೆಯ ಪುಡಿಯೊಡನೆ ಹೊರಬಂದಾಗ ಅಧಿಕಾರಿ ನಸುನಕ್ಕು ಮುದ್ರೆ ಒತ್ತಿದ. ಆಶಮ್ಮ ದಾಟಿದಳು. ಪಕ್ಕದ ಕಿಟಕಿಯಲ್ಲಿ ಮಹೇಂದರ್ ನಿಂತಿದ್ದ. ಸಿಮೆಂಟು, ಅಂಟು, ಟೈಲ್ಸಿನ ಅಂಚುಗಳ ನಡುವೆ ಅವನ ಬೆರಳಿನ ಗೆರೆಗಳು ಸವೆದು ಹೋಗಿದ್ದವು. ಬೆರಳಚ್ಚಿನ ಯಂತ್ರ ಅವನನ್ನು ಗುರುತಿಸಲೊಲ್ಲದು. ಅಧಿಕಾರಿಯೊಬ್ಬ ಸೌಜನ್ಯದಿಂದಲೇ ಅವನನ್ನು ಒಳಗಿನ ಕೋಣೆಗೆ ಕರೆದೊಯ್ದ. ಆಶಮ್ಮ ಹಿಂದಿರುಗಿ ನೋಡಿದಾಗ ಹುಡುಗನಿಲ್ಲ.

ಒಂದು ಕಂಬವಿತ್ತು. ಅದರ ಬುಡದಲ್ಲಿ ಅವಳು ಕಾಲು ಮಡಚಿ ಕೂತಳು.

ಒಳಗೆ ಬೆರಳು ತೊಳೆಸಿ, ಮತ್ತೆ ಮತ್ತೆ ಒತ್ತಿಸಿ, ಸರಿಯಾದ ಮೇಲೆ ಮಹೇಂದರನನ್ನು ಇನ್ನೊಂದು ಬಾಗಿಲಿನಿಂದ ಬಿಟ್ಟರು. ಆ ಬಾಗಿಲು ನೇರವಾಗಿ ಸಾಮಾನು ಬರುವ ಕಡೆ ತೆರೆಯುತ್ತಿತ್ತು. ದೊಡ್ಡವ್ವ ಅಲ್ಲಿಯೂ ಕಾಣದಿದ್ದಾಗ, ಮಂದಿಯ ಹಿಂದೆ ಹೊರಗೆ ಹೋಗಿರಬೇಕೆಂದು ತಿಳಿದು ಬ್ಯಾಗುಗಳನ್ನು ಎತ್ತಿಕೊಂಡು ಹೊರಬಂದ. ಹೊರಗೆ ತುಂಬು ಗರ್ಭಿಣಿ ಹರಿತಾ, ಪಕ್ಕದಲ್ಲಿ ಶಿವ.

“ದೊಡ್ಡವ್ವ ಎಲ್ಲಿ ಅಕ್ಕಾ?” ಎಂದ ಮಹೇಂದರ್.

“ನಿನ್ನ ಜೋಡಿ ಬಂದಾಕಿನ್ನ ನನ್ನ ಕೇಳ್ತಿಯಲ್ಲೋ!”

ಆಶಮ್ಮನ ಫೋನು ಇಲ್ಲಿ ನಡೆಯದು. ಮಹೇಂದರ್ ಬಾಗಿಲಿನತ್ತ ಓಡಿದ. ಹೊರಬಂದವರನ್ನು ಮತ್ತೆ ಒಳಗೆ ಬಿಡುವುದಿಲ್ಲ. ಇಳಿದವರೆಲ್ಲ ಬಂದು ಹೋದರು, ಇನ್ನೊಂದು ವಿಮಾನದವರೂ ಬಂದು ಹೋದರು. ಹರಿತಾಳ ಕಾಲುಗಳು ಊದಿಕೊಂಡಿದ್ದವು. ತಾಯಿ ಯಾವುದೋ ಬೇರೆ ಬಾಗಿಲಿನಿಂದ ಬಿಸಿಲಿಗೆ ಬಿದ್ದು, ಕೈಸನ್ನೆ ಮಾಡುತ್ತ ಹೆದ್ದಾರಿಯುದ್ದಕ್ಕೂ ನಡೆಯುತ್ತಿರುವಂತೆ ಅವಳಿಗೆ ಕಣ್ಣಿಗೆ ಕಟ್ಟಿತು. ಶಿವ ಕೋಪಕ್ಕಿಂತ ಹೆದರಿಕೆಯಿಂದ ಹೇಳಿದ:

“ನಾ ಮೊದ್ಲ ಹೇಳಿದ್ದಿಲ್ಲೇನು? ಸಿಕ್ಕ ಕೂಡ್ಲೆ ನಾಳಿಗೆ ಟಿಕೆಟ್ ಮಾಡಸ್ತೀನಿ ನೋಡು. ಬಾಗಲಾ ದಾಟೂಕಿಂತ ಮುಂಚೇನ ಕಳದ್ಲು!”

‘ಕಳದ್ಲು’ ಎಂಬ ಮಾತು ಹರಿತಾಳ ಕಿವಿಗೆ ಬಿದ್ದು, ಒಳಗೆಲ್ಲೋ ಕಲ್ಯಾಣದ ನಲ್ಲಿ ತೊಟ್ಟಿಕ್ಕಿತು. ಅವಳು ನಿಧಾನವಾಗಿ ಮಹೇಂದರನತ್ತ ತಿರುಗಿದಳು.

“ಮಹೇಂದರ್, ನೀನೂ ಅವ್ವನೂ ಬ್ಯಾರೆ ಆಗಿದ್ದು ಎಲ್ಲಿ?”

“ಪಾಸ್‌ಪೋರ್ಟಿಗೆ ಠಸ್ಸಿ ಹೊಡಿತಾರಲ್ಲ ಅಕ್ಕಾ, ಅಲ್ಲಿ.”

“ಹಂಗಾದ್ರ ಅಲ್ಲೇ ಅದಾಳ. ನೆಲದ ಮ್ಯಾಲೆ ಕುಂತಾಳ.”

“ಇಷ್ಟೊತ್ತು ಅಲ್ಲೇ ಯಾರ್ ಕೂಡ್ತಾರ?” ಎಂದ ಶಿವ.

“ನಮ್ಮವ್ವ ಕೂಡ್ತಾಳ,” ಎಂದವಳೇ ಹರಿತಾ ವಿಚಾರಣೆಯ ಮೇಜಿನತ್ತ ನಡೆದಳು. ಅಲ್ಲಿದ್ದ ಯುವಕನಿಗೆ ಆಸ್ಪತ್ರೆಯಲ್ಲಿ ಕಲಿತ ಅರಬ್ಬಿಯಲ್ಲಿ ವಿವರಿಸಿದಳು: ತಾಯಿ, ಮುದ್ರೆ ಒತ್ತುವಲ್ಲಿ, ನೆಲದ ಮೇಲೆ, ಖಂಡಿತ. ಯುವಕ ಒಳಗೆ ಫೋನು ಮಾಡಿದ. ಕೇಳುತ್ತ ಕೇಳುತ್ತ ಅವನ ಮುಖ ಅರಳಿತು. ಹೌದು, ಒಬ್ಬ ಅಮ್ಮ ಕೂತಿದ್ದಾಳೆ. ಎಲ್ಲರೊಡನೆಯೂ ಮಾತಾಡುತ್ತಾಳೆ, ಆದರೆ ಏಳುತ್ತಿಲ್ಲವಂತೆ.

ಒಳಗಿನ ವೃತ್ತಾಂತವನ್ನು ಆಶಮ್ಮ ಮುಂದೆ ನೂರು ಸಲ ಹೇಳಿದ್ದಾಳೆ, ಹೇಳಿದಂತೆಲ್ಲ ಒಂದಿಷ್ಟು ಬೆಳೆಸಿಯೂ ಇದ್ದಾಳೆ. ಮೊದಲು ಸಮವಸ್ತ್ರದ ಹೆಣ್ಣುಮಗಳೊಬ್ಬಳು ಬಂದು ಕುರ್ಚಿ ತೋರಿಸಿದಳು. ಆಶಮ್ಮ ತನ್ನ ಬೊಂಬಾಯಿ ಹಿಂದಿಗೂ ಮಕ್ತಲಿನ ಉರ್ದುವಿಗೂ ಗಂಟು ಹಾಕಿ, “ಇಧರೀಚ್ ಬೈಠ್ತೀ ಮಾ, ಹಮಾರಾ ಛೋರಾ ಆತಾ,” ಇಲ್ಲೇ ಕೂತಿರುತ್ತೇನೆ, ನಮ್ಮ ಹುಡುಗ ಬರುತ್ತಾನೆ, ಎಂದಳು. ಆಕೆಗೆ ಅರ್ಥವಾಯಿತೋ ಇಲ್ಲವೋ, ನೀರಿನ ಬಾಟಲಿ ತಂದುಕೊಟ್ಟಳು. ಆಮೇಲೆ ನೆಲ ಒರೆಸುವ ಹುಡುಗನೊಬ್ಬ ಬಂದ. ಅವಳು ಗೊಣಗಿಕೊಂಡ ಒಂದು ತೆಲುಗು ಮಾತು ಕಿವಿಗೆ ಬಿದ್ದದ್ದೇ ತಡ, “ಏ ಊರಮ್ಮಾ ಮೀದಿ?” ಎಂದು ತೆಲುಗಿನಲ್ಲಿ ಊರು ಕೇಳಿದ. ಗದ್ವಾಲದ ಕಡೆಯ ಮಾನೋಪಾಡಿನವನು, ಸಾಯಿನಾಥ ಅಂತ, ಕನ್ನಡವೂ ಬಲ್ಲವನು. ಅವನು ಚಹಾ ತಂದುಕೊಟ್ಟ. ಭಾಷೆ ಬಾರದ ದೇಶದಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದೀತೆಂದು ಹೆದರಿದವಳಿಗೆ, ಕೂತಲ್ಲೇ ಮಾತು ಸಾಕುಸಾಕಾಯಿತಂತೆ.

ಫೋನು ಬಂದ ಮೇಲೆಯೂ ಅವಳು ಏಳಲಿಲ್ಲ. ಕೊನೆಗೆ ಅಧಿಕಾರಿಯೊಬ್ಬ ಹೊರಗಿದ್ದ ಮಹೇಂದರನನ್ನು ತಾನೇ ಒಳಗೆ ಕರೆತಂದ. ಹುಡುಗನ ಮುಖ ಕಂಡಾಗಲೇ ಆಶಮ್ಮ ಸೆರಗು ಕೊಡವಿ ಎದ್ದದ್ದು.

ಹೊರಬಾಗಿಲಿನಲ್ಲಿ ಹರಿತಾ ಅಳುತ್ತ ತಬ್ಬಿಕೊಳ್ಳಲು ಹೋದರೆ ಹೊಟ್ಟೆ ಅಡ್ಡ ಬಂತು. ತಾಯಿ ಮೊದಲು ಆ ಹೊಟ್ಟೆಯ ಮೇಲೆ ಕೈಯಾಡಿಸಿದಳು, ಆಮೇಲೆ ಮಗಳ ಕಣ್ಣೊರೆಸಿದಳು. ಶಿವ ಮುಂದೆ ಬಂದ.

“ಅತ್ತೀ, ನೀವು ಕಳದ್ರಿ ಅಂತ ನಮಗ...”

“ಯಾರು ಕಳದಿದ್ದು?” ಎಂದಳು ಆಶಮ್ಮ. “ನಾ ಇದ್ದಲ್ಲೇ ಇದ್ದೆ. ನೀವು ಮೂರೂ ಮಂದಿ ನಾ ಎಲ್ಲಿದ್ದೀನಿ ಅಂತ ತಿಳೀದ ಓಡ್ಯಾಡೀರಿ. ಕಳದೋರು ನೀವು. ಹಿಂದಕ್ಕ ಕಳಸೋದಿದ್ರ ನಿಮ್ಮನ್ನ ಕಳಸಬೇಕು.”

ಶಿವನಿಗೆ ಆ ತರ್ಕದಲ್ಲಿ ಎಲ್ಲಿಯೂ ಬಿರುಕು ಕಾಣಲಿಲ್ಲ. “ಬರ್ರಿ, ಗಾಡಿ ಅಲ್ಲೈತಿ,” ಎಂದು ಬ್ಯಾಗು ಎತ್ತಿಕೊಂಡ. ಕರಾರು ಅಲ್ಲಿಗೆ ಬಿದ್ದುಹೋಯಿತು.

ಹುಟ್ಟಿದ್ದು ಹೆಣ್ಣು. ಆಶಮ್ಮ ಮಸ್ಕತ್ತಿನ ಸಣ್ಣ ಬಚ್ಚಲಿನಲ್ಲಿ ಕಾಲು ಚಾಚಿ ಕೂತು ಮೊಮ್ಮಗಳಿಗೆ ಎರೆದಳು. ಮೇಲಿನ ಮನೆಯ ಅರಬ್ಬಿ ಅಜ್ಜಿ ದಿನವೂ ಅದನ್ನು ನೋಡಲು ಇಳಿದು ಬರುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆಯೇ ಇಬ್ಬರೂ ತಮ್ಮ ತಮ್ಮ ಸೊಸೆಯಂದಿರನ್ನು ಬೈದುಕೊಳ್ಳುತ್ತಿದ್ದರೆಂದು ಹರಿತಾಳ ಅನುಮಾನ. ಆಶಮ್ಮನಿಗೆ ಸೊಸೆಯೇ ಇರಲಿಲ್ಲ ಎಂಬುದು ಬೇರೆ ಮಾತು.

ಊರಿಗೆ ಮರಳಿದ ಮೇಲೆ ಆ ಕಂಬದ ಕತೆ ಮಕ್ತಲಿನಿಂದ ನಾರಾಯಣಪೇಟೆಯವರೆಗೆ ಹರಡಿತು. “ವಿಮಾನದ ಟೇಷನ್ನಿನಾಗೂ ಗುಂಪಿನ ಕಾನೂನು ನಡೆಸಿದಾಕಿ” ಎಂದು ಕರಿಬಸಯ್ಯ ನಗಾಡಿದ. ಮುಂದಿದ್ದ ಬಾಗಿಲು ಕಾಣದೆ ಹಳೆಯ ಹೆದರಿಕೆಯಿಂದ ಕೂತುಬಿಟ್ಟ ಮುದುಕಿ ಎಂದು ಮಂದಿ ಬಣ್ಣಿಸುವಾಗ ಅವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. “ಮುದಿ ಬುದ್ಧಿ ನೋಡ್ರಿ, ಹೆದರಿಕಿಗೆ ಕಾಲು ಏಳಲಿಲ್ಲ,” ಎನ್ನುತ್ತಿದ್ದಳು. ಮಹೇಂದರನೂ ನಗುತ್ತಿದ್ದ, ಕಿಷ್ಟಮ್ಮನೂ. ನಗು ಮುಗಿದ ಮೇಲೆ ಆ ಪ್ರಶ್ನೆ ಬರುತ್ತಿತ್ತು: ಹೇಳ್ರಿ, ಕಳದೋರು ಯಾರು?

ಹೋದ ಚಳಿಗಾಲದಲ್ಲಿ ಅವಳು ಹೆಚ್ಚು ನರಳದೆ ತೀರಿಕೊಂಡಳು. ಹರಿತಾ ಮಗಳನ್ನು ಕರೆದುಕೊಂಡು ಬಂದಿದ್ದಾಗ, ರಜೆಯ ಮೇಲೆ ಊರಿಗೆ ಬಂದಿದ್ದ ಸಾಯಿನಾಥ ಸುದ್ದಿ ಕೇಳಿ ಮಾನೋಪಾಡಿನಿಂದ ಬಂದ. ಚಹಾ ಕುಡಿಯುತ್ತ, ಆ ದಿನದ ಕತೆಯನ್ನು ಮನೆಯವರು ಹೇಳುವ ಬಗೆಯನ್ನು ಕೇಳಿಸಿಕೊಂಡ. ಹೆದರಿ ಕೂತಳೆಂಬ ಮಾತು ಬಂದಾಗ ಅವನಿಗೆ ಮುಜುಗರವಾದಂತಿತ್ತು.

“ಹಂಗಲ್ಲಕ್ಕಾ,” ಎಂದ. “ಅಮ್ಮಗ ಬಾಗ್ಲು ಗೊತ್ತಿತ್ತು. ನಾನೇ ತೋರಿಸಿದ್ದೆ. ನಿನ್ ಮಗಳು ಹೊರಗ ಇರ್ತಾಳ, ನಡಿಯಮ್ಮಾ, ನಾ ಬಿಟ್ಟು ಬರ್ತೀನಿ ಅಂದಿದ್ದೆ. ಹೆದರಿಕಿ ಏನೂ ಇದ್ದಿಲ್ಲ ಆಕಿಗೆ.”

ಹಾಗಾದರೆ ಈ ಮಾತನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಹರಿತಾ ಕೇಳಿದಳು. ಮಹೇಂದರ್ ಮುದ್ರೆಯ ಕಿಟಕಿಯ ಕಡೆಯಿಂದಲ್ಲ, ಹೊರಬಾಗಿಲಿನ ಕಡೆಯಿಂದ ನಡೆದು ಬರುವುದು ಕಂಡಾಗ ಆಶಮ್ಮ ಸಾಯಿನಾಥನ ತೋಳು ಹಿಡಿದು ಮೆಲ್ಲಗೆ ಹೇಳಿದ್ದಳಂತೆ: ನಾ ಯಾಕ ಕುಂತಿದ್ದೆ ಅಂತ ಯಾರಿಗೂ ಅನಬ್ಯಾಡ, ಮುದುಕಿನ್ನ ಬಿಟ್ಟು ಹೋದ ಅಂತ ಊರು ಆ ಹುಡುಗನ್ನ ಆಡ್ಕೊಂತೈತಿ.

ಅದಕ್ಕೂ ಮೊದಲು, ಬಾಗಿಲು ತೋರಿಸಿದಾಗ, ಮಹೇಂದರ್ ನಿಂತಿದ್ದ ಕಿಟಕಿಯತ್ತ ಕಣ್ಣಿಟ್ಟೇ ಅವಳು ಸಾಯಿನಾಥನಿಗೆ ಹೇಳಿದ್ದು ಇಷ್ಟು: “ನನಗೇನಾಗೈತಪ್ಪ, ನಾ ಇಲ್ಲೇ ಅದೀನಿ. ಕಳದಾವ ಆ ಹುಡುಗ. ಅವ ಹುಡುಕ್ಕೊಂತ ಬಂದ್ರ ಇಲ್ಲಿ ಯಾರಾರ ಇರಬೇಕಲ್ಲ.”