ನನ್ನ ಪರವಾಗಿ ಉತ್ತರಿಸಿದವರು

ನನ್ನ ಮಿದುಳಿನ ಗೆಡ್ಡೆಗೆ ರೇಡಿಯೇಶನ್, ಅಂದರೆ ಕರೆಂಟ್, ಕೊಡಿಸಿಕೊಂಡು ಬಂದ ವರ್ಷ, ಕಾಫಿ ಕೊಯ್ಲಿನ ಹೊತ್ತಿಗೆ ನನಗೆ ಗಂಡನ ಮೇಲೆ ಅನುಮಾನ ಶುರುವಾಯಿತು. ಅವರ ಅತಿಯಾದ ಒಳ್ಳೆಯತನವೇ ಅದಕ್ಕೆ ಕಾರಣ.

ನಮ್ಮ ಕಣದಲ್ಲಿ ಹರವಿದ ಕಾಫಿ ಹಣ್ಣು, ಅಂದರೆ ಚೆರ್ರಿ, ಒಣಗಿದೆಯೋ ಇಲ್ಲವೋ ಎಂದು ಹೇಳುವವಳು ನಾನು. ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಕುಲುಕಬೇಕು. ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ಹಸಿ ಇದ್ದದ್ದನ್ನು ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ಮೊದಲೆಲ್ಲ ಅವರೂ ಒಂದು ಹಿಡಿ ಕುಲುಕಿ, "ಇನ್ನೂ ಬಿಸಿಲು ಬೇಕು ಮಾರಾಯ್ತಿ" ಎಂದು ಜಗಳಕ್ಕೇ ಬರುತ್ತಿದ್ದರು. ಆ ವರ್ಷ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು.

ಒಂದು ಬೆಳಿಗ್ಗೆ, ಅವರನ್ನು ಪರೀಕ್ಷಿಸಲೆಂದೇ ಹಸಿ ರಾಶಿಯನ್ನು ತೋರಿಸಿ "ಒಣಗಿದೆ, ತುಂಬಿಸಿ" ಎಂದೆ. ತುಂಬಿಸಿದರು. ಮಧ್ಯಾಹ್ನ ಗೋಡೌನಿನ ಹಿಂದೆ ಹೋಗಿ ನೋಡಿದರೆ, ಅದೇ ಚೀಲಗಳನ್ನು ಬಿಚ್ಚಿ ಟಾರ್ಪಾಲಿನ ಮೇಲೆ ಹರವುತ್ತಿದ್ದರು.

"ಏನ್ರೀ ಇದು? ನಾನು ಬೇಕಂತ್ಲೇ ಸುಳ್ಳು ಹೇಳಿದ್ದು. ಸಿಕ್ಕಿಬಿದ್ರಲ್ಲ!"

ಅವರು ಕೈ ಕೊಡವಿಕೊಂಡರು. "ಮೊನ್ನೆನೂ ಹಸಿ ಇದ್ದದ್ದನ್ನೇ ತುಂಬ್ಸಿ ಅಂದ್ಯಲ್ಲ, ಅದೂ ಬೇಕಂತ್ಲೇನಾ?"

ಮೊನ್ನೆ ಕಣಕ್ಕೆ ಹೋದದ್ದೇ ನನಗೆ ನೆನಪಿರಲಿಲ್ಲ. ಇವರೇ ಕತೆ ಕಟ್ಟುತ್ತಿರಬಹುದೇ ಎಂದುಕೊಂಡೆ. ಆಮೇಲೆ ನನ್ನ ಮೇಲೂ ಅನುಮಾನ ಬಂತು. ಅವತ್ತಿನದು ನಿಜವಾಗಿಯೂ ಪರೀಕ್ಷೆಯೇ, ಅಥವಾ ತಪ್ಪಿದ ಮೇಲೆ ನಾನು ಹುಡುಕಿಕೊಂಡ ನೆಪವೇ? ಇಂದಿಗೂ ಖಚಿತವಾಗಿ ಹೇಳಲಾರೆ.

"ಡಾಕ್ಟ್ರಿಗೆ ಹೇಳಿದೀರಾ?"

"ಎಲ್ಲ ಮೊದ್ಲಿನ ಹಂಗೇ ಇದೆ ಅಂದಿದೀನಿ. ನಿನ್ನೆದುರಿಗೆ ಹೆಂಗೆ ಹೇಳ್ಲಿ, ಹೇಳು?"

ರೇಡಿಯೇಶನ್ ಜೊತೆಗೇ ನೆನಪು ಕಾಪಾಡುವ ಮಾತ್ರೆ ಕೊಟ್ಟಿದ್ದ ವೈದ್ಯೆ, ಮರೆವು ಕಂಡರೆ ಕೂಡಲೇ ತಿಳಿಸಬೇಕೆಂದು ಹೇಳಿದ್ದರಂತೆ. ಪ್ರತಿ ಸಲವೂ ಅವರ ಪ್ರಶ್ನೆಗಳಿಗೆ ನನ್ನ ಗಂಡನೇ ಉತ್ತರ ಕೊಟ್ಟಿದ್ದರು. ಪ್ರೀತಿಯಿಂದಲೇ ಇರಬಹುದು. ಆದರೆ ಸಿಗಬೇಕಾಗಿದ್ದ ಚಿಕಿತ್ಸೆ ಅದರಿಂದಲೇ ತಪ್ಪಿಹೋಗುತ್ತಿತ್ತು.

ಮುಂದಿನ ಭೇಟಿಗೆ ಮಂಗಳೂರಿಗೆ ಹೊರಟಾಗ ಚಾರ್ಮಾಡಿ ಘಾಟಿಯಲ್ಲೇ ಎಚ್ಚರಿಸಿದೆ: "ಅಲ್ಲಿ ನೀವು ಬಾಯಿ ಬಿಟ್ರೆ ನೋಡಿ."

ವೈದ್ಯೆ ಕೆಲವು ಪದಗಳನ್ನು ಹೇಳಿ, ಬೇರೆ ಮಾತಾಡಿಸಿ, ಮತ್ತೆ ಅವೇ ಪದಗಳನ್ನು ಕೇಳಿದರು. ಗಂಡನ ತುಟಿ ಆಡುತ್ತಿತ್ತು. ನಾನು ಆ ಕಡೆ ನೋಡಲಿಲ್ಲ.

"ನೆನಪಾಗ್ತಿಲ್ಲ," ಎಂದೆ.

ವೈದ್ಯೆ ಪೆನ್ನು ಕೆಳಗಿಟ್ಟು ನನ್ನ ಕಡೆಗೇ ತಿರುಗಿ ಕೂತರು. ರಕ್ತಪರೀಕ್ಷೆ, ಸ್ಕ್ಯಾನ್, ದಿನಾ ನಡಿಗೆ, ಸರಿಯಾದ ನಿದ್ದೆ, ನೆನಪಿನ ತರಬೇತಿ ಎಲ್ಲವನ್ನೂ ವಿವರಿಸಿದರು. "ಹೋಗಿದ್ದೆಲ್ಲ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲಮ್ಮ," ಎಂದರು.

ಎಷ್ಟೋ ತಿಂಗಳಲ್ಲಿ ಅನುಮಾನವಿಲ್ಲದೆ ನಾನು ನಂಬಿದ ಮೊದಲ ಮಾತು ಅದು. ತರಬೇತಿ ಯಾವತ್ತಿನಿಂದ ಶುರು ಎಂದು ಕೇಳಿದೆ.